ಅಪ್ಪೆಹುಳಿ ಕುಡಿಯುತ್ತಿದ್ದ ಮಾಸ್ತರು: ಒಂದು ಕ್ಯಾಂಡಿಡ್ ಫೋಟೋದ ಪ್ರಕರಣ

ಇಲ್ಲಿ ಬರುವ ಯಾರ ಹೆಸರನ್ನೂ ನಾನು ಬರೆದಿಲ್ಲ. ಊರು, ಸಂಬಂಧ, ಕೆಲವು ಗುರುತುಗಳನ್ನು ಬದಲಿಸಿದ್ದೇನೆ. ಮುಖ್ಯವಾದವರನ್ನು ಮಾಸ್ತರು ಅಂತ ಕರೆಯುತ್ತೇನೆ, ಅವರು ನಿಜಕ್ಕೂ ಮಾಸ್ತರೇ ಆಗಿದ್ದರೋ ಇಲ್ಲವೋ ಅದು ಬೇರೆ ಮಾತು. ಇದನ್ನು ಅವರಿಗೆ ಓದಿ ಹೇಳಿದ್ದೇನೆ. "ಬರಿ ಅಡ್ಡಿಲ್ಲೆ, ಕಾಯಿಲೆ ಹೆಸರು ಮಾತ್ರ ಬೇಡ" ಅಂದರು. ಅದನ್ನೂ ಬರೆದಿಲ್ಲ.

ನಾನು ಘಟ್ಟದ ಕೆಳಗಿನವನು, ಕುಮಟಾ ಕಡೆಯವನು. ಶಿರಸಿಯಲ್ಲಿ ಸ್ಟುಡಿಯೋ ಇಟ್ಟು 11 ವರ್ಷ ಆಯಿತು. ಇಲ್ಲಿ ಮದುವೆ ಫೋಟೋಗೆ ಎರಡು ರೇಟು. ಒಂದು ಟ್ರೆಡಿಷನಲ್, ಇನ್ನೊಂದು ಕ್ಯಾಂಡಿಡ್. ಟ್ರೆಡಿಷನಲ್‌ನವನು ಮಂಟಪದ ಎದುರು ನಿಂತು ಧಾರೆ, ಲಾಜಾಹೋಮ, ಸಪ್ತಪದಿ ತೆಗೆಯುತ್ತಾನೆ. ಆಮೇಲೆ ನೆಂಟರನ್ನು ಸಾಲಾಗಿ ನಿಲ್ಲಿಸಿ "ಈ ಕಡೆ ನೋಡಿ" ಅನ್ನುತ್ತಾನೆ. ಕ್ಯಾಂಡಿಡ್‌ನವನು ಚಪ್ಪರದ ತುಂಬ ಬೆಕ್ಕಿನ ಹಾಗೆ ಓಡಾಡುತ್ತಾನೆ. ಅವನ ಕಡೆ ಯಾರೂ ನೋಡಬಾರದು. ಅದಕ್ಕೇ ಅವನಿಗೆ ದುಡ್ಡು ಜಾಸ್ತಿ. ನಾನು ಆ ಎರಡನೆಯವನು.

ಈ ಕಲೆ ಬೆಳೆದದ್ದೇ ಅಡಗಿಕೊಂಡು. 1928ರಲ್ಲಿ ಎರಿಕ್ ಸಾಲೊಮನ್ ಎಂಬ ಜರ್ಮನ್ ಫೋಟೋಗ್ರಾಫರ್ ಬರ್ಲಿನ್ನಿನ ಕೋರ್ಟಿನೊಳಗೆ ಟೋಪಿಯಲ್ಲಿ ಕ್ಯಾಮೆರಾ ಮುಚ್ಚಿಟ್ಟುಕೊಂಡು ವಿಚಾರಣೆಯ ಫೋಟೋ ತೆಗೆದ. ನಮಗೆ ಟೋಪಿ ಬೇಕಿಲ್ಲ. ದೂರದ್ದನ್ನು ಹತ್ತಿರ ತರುವ 70-200 ಎಂಎಂ ಲೆನ್ಸ್ ಇದ್ದರೆ ಚಪ್ಪರದ ಈ ತುದಿಯಲ್ಲಿ ನಿಂತು ಆ ತುದಿಯವರ ಕಣ್ಣ ರೆಪ್ಪೆ ಎಣಿಸಬಹುದು.

ಮದುವೆ ಮನೆ

ಮೇ ತಿಂಗಳ ಮೂರನೇ ವಾರ. ಸಿದ್ದಾಪುರ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಹವ್ಯಕರ ಮನೆ. ಕಲ್ಯಾಣ ಮಂಟಪ ಬೇಡ, ಹುಡುಗಿಯ ಮದುವೆ ಮನೆಯಂಗಳದಲ್ಲೇ ಆಗಬೇಕು ಅಂತ ಯಜಮಾನರ ಹಟ. ಅಡಿಕೆ ಮರದ ಕಂಬ, ಮೇಲೆ ತಗಡು, ಸುತ್ತ ಹಸಿರು ಶೇಡ್ ನೆಟ್. ಈ ಹಸಿರು ನೆಟ್ ಫೋಟೋದವರ ದೊಡ್ಡ ಶತ್ರು. ಮದುಮಗಳ ಕೆನ್ನೆಯಿಂದ ಭಟ್ಟರ ಪಂಚೆಯ ತನಕ ಎಲ್ಲಕ್ಕೂ ಪಾಚಿ ಕಟ್ಟಿದ ಬಣ್ಣ ಬರುತ್ತದೆ. ಆದರೆ ಊಟದ ಚಪ್ಪರದ ಒಂದು ಮೂಲೆಗೆ ನೆಟ್ ಸಾಲದೆ ಸೋಗೆ ಕಟ್ಟಿದ್ದರು. ಅಲ್ಲಿ ಮಾತ್ರ ಬೆಳಕು ಬೆಳ್ಳಗೆ, ಮೆತ್ತಗೆ ಒಳಗೆ ಬರುತ್ತಿತ್ತು. ಬೆಳಿಗ್ಗೆಯೇ ನೋಡಿಟ್ಟುಕೊಂಡಿದ್ದೆ. ಊಟದ ಹೊತ್ತಿಗೆ ಆ ಮೂಲೆ ಬಿಡಬಾರದು ಅಂತ.

ಮಧ್ಯಾಹ್ನ ಒಂದೂವರೆ. ಎರಡನೇ ಪಂಕ್ತಿ. ಹವ್ಯಕರ ಪಂಕ್ತಿ ಊಟದಲ್ಲಿ ಗ್ರಂಥ ಹೇಳುವುದು ಅಂತ ಒಂದಿದೆ. ಊಟದ ನಡುವೆ ಒಬ್ಬರು ರಾಗವಾಗಿ ಶ್ಲೋಕ ಹೇಳುತ್ತಾರೆ, ಕೊನೆಗೆ ಪಂಕ್ತಿಯವರೆಲ್ಲ "ಹರ ಹರ ಮಹಾದೇವ" ಅನ್ನುತ್ತಾರೆ. ಮಾಸ್ತರು ಗ್ರಂಥಕ್ಕೆ ಹೆಸರಾದವರು. ಅವರ ದನಿಗೆ ಮೈಕು ಬೇಡ. ಆವತ್ತು ಕೂಡ ಹೇಳಿದರು, ನಾನು ತೆಗೆದೆ. ಆಮೇಲೆ ಅಪ್ಪೆಹುಳಿ ಬಂತು, ಮಾವಿನಕಾಯಿಯ ತೆಳ್ಳಗಿನ ಹುಳಿ ಸಾರು.

ಅಪ್ಪೆಹುಳಿಯನ್ನು ಹಳಬರು ಲೋಟಕ್ಕೆ ಹಾಕಿಸಿಕೊಳ್ಳುವುದಿಲ್ಲ. ಅಂಗೈ ಬಟ್ಟಲು ಮಾಡಿ ಹಿಡಿಯುತ್ತಾರೆ, ಬಡಿಸುವವರು ಸವುಟಿನಲ್ಲಿ ಹೊಯ್ಯುತ್ತಾರೆ, ಸುರ್ರನೆ ಎಳೆಯುತ್ತಾರೆ. ನೋಡುವುದಕ್ಕೇ ಚೆಂದ. ಮಾಸ್ತರು ನನ್ನ ಆ ಸೋಗೆ ಮೂಲೆಯಲ್ಲಿ, ಪಂಕ್ತಿಯ ಕಟ್ಟಕಡೆಯ ಎಲೆಗೆ ಕೂತಿದ್ದರು. ನಾನು 200 ಎಂಎಂಗೆ ತಿರುಗಿಸಿ, ಸೈಲೆಂಟ್ ಶಟರ್ ಹಾಕಿ, ಒಂದೇ ಉಸಿರಿಗೆ 14 ಫ್ರೇಮ್ ತೆಗೆದೆ. ಅವರಿಗೆ ಗೊತ್ತಾಗಲಿಲ್ಲ. ನಾಲಿಗೆ ಅರ್ಧ ಹೊರಗೆ, ಕಣ್ಣು ಮುಚ್ಚಿದೆ, ಅಂಗೈಯಿಂದ ಹುಳಿ ಮೊಣಕೈ ತನಕ ಇಳಿದು ಅಲ್ಲಿಂದ ಒಂದು ಹನಿ ಬೀಳುತ್ತಿದೆ. ಆ ಹನಿ ಬೆಳಕಿನಲ್ಲಿ ಮಣಿಯ ಹಾಗೆ ನಿಂತಿದೆ. ಫೋಟೋ ತೆಗೆಯುವವರಿಗೆ ಇದು ಅರ್ಥವಾಗುತ್ತದೆ. ಇಂಥದ್ದು ವರ್ಷಕ್ಕೊಂದು ಸಿಕ್ಕರೆ ಪುಣ್ಯ.

ಒಂದು ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ. ಅಷ್ಟು ದೊಡ್ಡ ಹೆಸರಿನವರು, ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಬೇಕಾದವರು, ಎರಡನೇ ಪಂಕ್ತಿಯ ಮೂಲೆಗೆ ಯಾಕೆ ಕೂತಿದ್ದರು?

ಆ ರಾತ್ರಿ ಮಾಡಿದ ಆಯ್ಕೆ

ತಪ್ಪು ಆದದ್ದು ಚಪ್ಪರದಲ್ಲಿ ಅಂತ ನಾನು ತುಂಬ ದಿನ ಅಂದುಕೊಂಡಿದ್ದೆ. ಅಲ್ಲ. ತಪ್ಪು ಆದದ್ದು ರಾತ್ರಿ 11 ಗಂಟೆಗೆ, ಸ್ಟುಡಿಯೋದಲ್ಲಿ, ಕಂಪ್ಯೂಟರ್ ಎದುರು.

ಈಗಿನ ಮದುವೆಗಳಲ್ಲಿ ಅದೇ ದಿನ 20 ಫೋಟೋ ಕಳಿಸಬೇಕು. ಆಲ್ಬಮ್ ಮೂರು ತಿಂಗಳು ತಡವಾದರೂ ಪರವಾಗಿಲ್ಲ, ಆ 20 ರಾತ್ರಿಯೇ ಬೇಕು. ಎಲ್ಲರ ಡಿಪಿ, ಸ್ಟೇಟಸ್ ಅದರಿಂದಲೇ ನಡೆಯುವುದು. ಸುಮಾರು 3,400 ಫ್ರೇಮ್‌ನಿಂದ 20 ಆರಿಸಬೇಕು. ಅಂಥ ಹೊತ್ತಿನಲ್ಲಿ ಕಣ್ಣು ಹುಡುಕುವುದು ಒಂದನ್ನೇ: ಯಾವುದು ಹೊಡೆಯುತ್ತದೆ? ಯಾರದು, ಏನು, ಯಾರು ನೋಡುತ್ತಾರೆ, ಅದೆಲ್ಲ ತಲೆಗೆ ಬರುವುದಿಲ್ಲ.

ಮಾಸ್ತರ 14 ಫ್ರೇಮ್‌ನಲ್ಲಿ ಒಂಬತ್ತನೆಯದು ಹನಿ ಇದ್ದದ್ದು. ಅದರಲ್ಲೊಂದು ತೊಡಕಿತ್ತು. ಅವರ ಎಡಗೈ ಬಲಗೈಯ ಮಣಿಕಟ್ಟನ್ನು ಕೆಳಗಿನಿಂದ ಗಟ್ಟಿಯಾಗಿ ಹಿಡಿದಿತ್ತು. ಪಕ್ಕದವರ ಬಾಳೆಎಲೆ, ಉಪ್ಪಿನಕಾಯಿ, ಈ ಎಡಗೈ ಎಲ್ಲ ಸೇರಿ ಕೆಳಗಿನ ಭಾಗ ಗಜಿಬಿಜಿ ಆಗಿತ್ತು. ನಾನು ಕ್ರಾಪ್ ಮಾಡಿದೆ. ಮುಖ, ಅಂಗೈ, ಮೊಣಕೈ, ಹನಿ, ಅಷ್ಟೇ ಉಳಿಯಿತು. ಫೋಟೋ ಗರಿಗರಿಯಾಗಿ ಕೂತಿತು. ನನ್ನ ಸಹಾಯಕ ಹುಡುಗ ನೋಡಿ "ಅಣ್ಣಾ, ಇದು ಬೆಂಕಿ" ಅಂದ. ಕಳಿಸಿದೆ.

ಆ ಎಡಗೈ ಸುಮ್ನೆ ಅಲ್ಲಿರಲಿಲ್ಲ. ಮಾಸ್ತರ ಬಲಗೈ ನಡುಗುತ್ತಿತ್ತು. ಒಂದು ವರ್ಷದಿಂದ ನಡುಗುತ್ತಿತ್ತು. ಹುಬ್ಬಳ್ಳಿಗೆ ಹೋಗಿ ತೋರಿಸಿಕೊಂಡು ಬರುತ್ತಿದ್ದರು. ಅವರ ಹೆಂಡತಿ, ಮಗ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹುಳಿ ಮೊಣಕೈಗೆ ಇಳಿದದ್ದು ಆಸೆಬುರುಕತನದಿಂದಲ್ಲ. ನಾನು ಎಡಗೈಯನ್ನು ಕತ್ತರಿಸಿದ ಮೇಲೆ ಅದು ಆಸೆಬುರುಕತನದ ಹಾಗೇ ಕಂಡಿತು. ಕತ್ತರಿಸದೆ ಕಳಿಸಿದ್ದರೆ? ಅವರು ಮುಚ್ಚಿಟ್ಟದ್ದು ಜಗಜ್ಜಾಹೀರು ಆಗುತ್ತಿತ್ತು. ಆ ಫ್ರೇಮನ್ನು ಸರಿಯಾಗಿ ಕಳಿಸುವ ದಾರಿಯೇ ಇರಲಿಲ್ಲ. ಇದು ನನಗೆ ಗೊತ್ತಾಗುವಾಗ ಮಳೆಗಾಲ ಬಂದಿತ್ತು.

ನಾಲ್ಕನೇ ದಿನ

ಮದುವೆಯಾಗಿ ನಾಲ್ಕನೇ ದಿನ ಹುಡುಗಿಯ ಫೋನು ಬಂತು. "ಒಂದು ಫೋಟೋ ಸ್ಟಿಕ್ಕರ್ ಆಗೋಗಿದೆ, ನೋಡಿದ್ರಾ?"

ನೋಡಿದೆ. ಹಿನ್ನೆಲೆ ಕತ್ತರಿಸಿ, ಮಾಸ್ತರ ಮುಖ, ನಾಲಿಗೆ, ಕೈ ಮಾತ್ರ ಇಟ್ಟು, ಕೆಳಗೆ "ಇನ್ನೊಂದು ಸವುಟು!" ಅಂತ ಬರೆದಿತ್ತು. ಮಾಡಿದ್ದು ಬೆಂಗಳೂರಲ್ಲಿರುವ ಅವರದೇ ಬಳಗದ ಹುಡುಗ. ದ್ವೇಷ ಏನೂ ಇಲ್ಲ, ಪ್ರೀತಿಯಿಂದಲೇ ಮಾಡಿದ್ದ. ವಾಟ್ಸಾಪ್ ಸ್ಟಿಕ್ಕರ್ ಮಾಡುವುದು ಈಗ ಎರಡು ನಿಮಿಷದ ಕೆಲಸ. ಆ ಹೊತ್ತಿಗೆ ಅದು ಸೊಸೈಟಿಯ ಗುಂಪು, ಹಳೇ ವಿದ್ಯಾರ್ಥಿಗಳ ಗುಂಪು, ಯಕ್ಷಗಾನದ ಗುಂಪು ಎಲ್ಲ ಸುತ್ತಿತ್ತು. ಯಾರೋ ಪಾರ್ಟಿ ಕೊಡಿಸುತ್ತೇನೆ ಅಂದರೆ ಆ ಸ್ಟಿಕ್ಕರ್. ಯಾರೋ ಸಾಲ ಕೇಳಿದರೂ ಅದೇ ಸ್ಟಿಕ್ಕರ್.

ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಎಲ್ಲರಿಗೂ ಅಳಿಸಬಹುದು, ಆದರೆ ಎರಡೂವರೆ ದಿನದೊಳಗೆ ಮಾತ್ರ. ನಾವು ನಾಲ್ಕನೇ ದಿನದಲ್ಲಿದ್ದೆವು. ಸ್ಟಿಕ್ಕರ್ ಆಗಿ ಬೇರೆಯವರ ಫೋನಿನಲ್ಲಿ ಕೂತಮೇಲೆ ಮೊದಲ ಫೋಟೋ ಅಳಿಸಿದರೂ ಬಿಟ್ಟರೂ ಒಂದೇ.

ನಾನು ಮೊದಲು ಮಾಡಿದ್ದು ನನ್ನ ಪೇಜಿನಿಂದ ಆ ಫೋಟೋ ತೆಗೆದದ್ದು. ಆಮೇಲೆ ಹುಡುಗಿಯ ಅಪ್ಪನಿಗೆ ಫೋನು ಮಾಡಿದೆ, ಗುಂಪಿನಲ್ಲಿ ಒಂದು ಮಾತು ಹೇಳಿ ಅಂತ. ಅವರು ನಕ್ಕುಬಿಟ್ಟರು. "ಎಂತಾ ಆತು ಅದ್ರಲ್ಲಿ? ಚಲೋ ಫೋಟೋನೇ. ದುಡ್ಡು ಕೊಟ್ಟವ ನಾನು, ನನಗೆ ತೊಂದ್ರೆ ಇಲ್ಲೆ."

ಈ ಮಾತಿನಲ್ಲಿ ಒಂದು ಸತ್ಯ ಇದೆ, ಅದು ಬಹಳ ಫೋಟೋಗ್ರಾಫರುಗಳಿಗೆ ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರ ತೆಗೆಸಿದವನೇ. ಕ್ಲಿಕ್ ಮಾಡಿದವನಲ್ಲ. ನಾವು ಮೂಲೆಯಲ್ಲಿ ನಮ್ಮ ಲೋಗೋ ಹಾಕಿ ನಮ್ಮದು ಅಂದುಕೊಳ್ಳುತ್ತೇವೆ, ಅಷ್ಟೇ. ಆ ಸಾಲಿನಲ್ಲಿ ಇಬ್ಬರಿದ್ದಾರೆ, ದುಡ್ಡು ಕೊಟ್ಟವನು ಮತ್ತು ತೆಗೆದವನು. ಊಟಕ್ಕೆ ಕೂತವನ ಸುದ್ದಿ ಇಲ್ಲ. ಅವನು ಮದುವೆಗೆ ಬಂದದ್ದು ಉಡುಗೊರೆ ಕೊಟ್ಟು ಊಟ ಮಾಡಿ ಹೋಗುವುದಕ್ಕೆ, ಅವನನ್ನು ಯಾವ ಒಪ್ಪಂದಕ್ಕೂ ಯಾರೂ ಸೇರಿಸಿಲ್ಲ.

ಕೆಲಸಕ್ಕೆ ಬಂದದ್ದು ಮದುಮಗಳೇ. ಅವಳು ಯಾವ ಗುಂಪಿನಲ್ಲೂ ಭಾಷಣ ಮಾಡಲಿಲ್ಲ. ಸ್ಟಿಕ್ಕರ್ ಮಾಡಿದ ಹುಡುಗನಿಗೆ ನೇರ ಫೋನು ಮಾಡಿ, ಅವನ ಬಾಯಿಂದಲೇ ಎರಡು ದೊಡ್ಡ ಗುಂಪುಗಳಲ್ಲಿ ಕ್ಷಮೆ ಕೇಳಿಸಿದಳು. ಅರ್ಧ ನಿಂತಿತು. ಇನ್ನರ್ಧ ಇವತ್ತಿಗೂ ನಿಂತಿಲ್ಲ.

ನಾನು ಕೆಡಿಸಿದ ಎರಡು ಪ್ರಯತ್ನ

ಮಾಸ್ತರಿಗೆ ಫೋನು ಮಾಡಿದೆ. "ಬೇಜಾರಾಗಿದ್ದರೆ ಕ್ಷಮಿಸಿ" ಅಂದೆ. ಆಗಿದ್ದರೆ ಅಂದರೆ? ಆಗಿದೆಯೋ ಇಲ್ಲವೋ ನೀವೇ ಹೇಳಿ ಅಂತ ಅವರ ಮೇಲೇ ಹಾಕಿದ ಹಾಗೆ. ಅವರು "ಇರ್ಲಿ ಇರ್ಲಿ" ಅಂದು ಇಟ್ಟುಬಿಟ್ಟರು. ನಾನು ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಜೂನ್ ಮೊದಲ ವಾರದಲ್ಲಿ ಇನ್ನೆರಡು ಮದುವೆಗಳಿದ್ದವು, ಎರಡಕ್ಕೂ ಅವರು ಬರಲಿಲ್ಲ. ಒಂದು ಅವರ ಖಾಸಾ ತಂಗಿಯ ಮಗಳದು. ಪಂಕ್ತಿಯಲ್ಲಿ ಯಾರೋ ಕೇಳಿದರು, "ಮಾಸ್ತರು ಎಲ್ಲಿ, ಗ್ರಂಥ ಹೇಳೋರಿಲ್ಲೆ." ಇನ್ಯಾರೋ ನಾಲಿಗೆ ಹೊರಗೆ ಹಾಕಿ ತೋರಿಸಿ ನಕ್ಕರು. ನಾನು ಅಲ್ಲೇ ಕ್ಯಾಮೆರಾ ಹಿಡಿದು ನಿಂತಿದ್ದೆ.

ಎರಡನೇ ಪ್ರಯತ್ನ ಇನ್ನೂ ಕೆಟ್ಟದ್ದು. ಅವರು ಗ್ರಂಥ ಹೇಳುತ್ತಿರುವ ಫೋಟೋವನ್ನು 12x18 ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ, ಅವರ ಮನೆಗೆ ತೆಗೆದುಕೊಂಡು ಹೋದೆ. ಅವರು ಜಗುಲಿಯಲ್ಲಿದ್ದರು. ಕಾಗದ ಬಿಚ್ಚಿ ನೋಡಿದರು. "ಇದೆಂತಕ್ಕೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಫ್ರೇಮನ್ನು ಮಂಚದ ಮೇಲೆ ಬೋರಲು ಹಾಕಿ, ತೋಟಕ್ಕೆ ಇಳಿದು ಹೋದರು. ಅವರ ಹೆಂಡತಿ ಕೊಟ್ಟ ಚಹಾ ಕುಡಿದು ವಾಪಸು ಬಂದೆ. ದಾರಿಯಲ್ಲಿ ಬುದ್ಧಿ ಬಂತು. ಕೇಳದೆ ತೆಗೆದದ್ದಕ್ಕೆ ಪ್ರಾಯಶ್ಚಿತ್ತ ಅಂತ, ಕೇಳದೆ ತೆಗೆದ ಇನ್ನೊಂದು ಫೋಟೋ ಕೊಟ್ಟು ಬಂದಿದ್ದೆ.

ಆಷಾಢದ ಒಂದು ಮಧ್ಯಾಹ್ನ

ಜುಲೈಯಲ್ಲಿ ಸ್ಟುಡಿಯೋಗೆ ಕೆಲಸ ಇರುವುದಿಲ್ಲ. ಶಿರಸಿಯ ಮಳೆ ಗೊತ್ತಲ್ಲ, ಲೆನ್ಸಿಗೆ ಬೂಸ್ಲು ಬಾರದಂತೆ ಕಾಯುವುದೇ ಕೆಲಸ. ಒಂದು ದಿನ ಕ್ಯಾಮೆರಾ ಬಿಟ್ಟು, ಲ್ಯಾಪ್‌ಟಾಪ್ ಮಾತ್ರ ಪ್ಲಾಸ್ಟಿಕ್‌ನಲ್ಲಿ ಸುತ್ತಿಕೊಂಡು ಮತ್ತೆ ಹೋದೆ. ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸ ನಡೆದಿತ್ತು. ಮಳೆ ಸ್ವಲ್ಪ ಹೊಳವಾದದ್ದೇ ತಡ ಕೊನೆಗೌಡರು ಮರ ಹತ್ತಿದ್ದರು. ಮಾಸ್ತರ ಮಗ ಡ್ರಮ್ಮಿನಲ್ಲಿ ಮೈಲುತುತ್ತ, ಸುಣ್ಣ ಕಲಸುತ್ತಿದ್ದ. ಅವನ ಕೈ ಮೊಣಕೈ ತನಕ ನೀಲಿ.

"ಬಾ ತಮಾ, ಕೂರು" ಅಂದರು ಮಾಸ್ತರು. ಕವಳದ ಹರಿವಾಣ ಮುಂದೆ ತಳ್ಳಿದರು. ತಾವೂ ಎಲೆ ತೆಗೆದುಕೊಂಡರು. ತೋರುಬೆರಳಿಗೆ ಸುಣ್ಣ ಹಚ್ಚಿಕೊಂಡು ಎಲೆಗೆ ಸವರಲು ಹೋದರು. ಬೆರಳು ಎಲೆಯ ಮೇಲೆ ನಿಲ್ಲಲಿಲ್ಲ. ಸುಣ್ಣ ಎಲೆ ದಾಟಿ ಪಂಚೆಗೆ ಬಿತ್ತು. ಅಡಕತ್ತರಿ ಹರಿವಾಣದಲ್ಲೇ ಇತ್ತು, ಅವರು ಮುಟ್ಟಲಿಲ್ಲ. ಹೆಂಡತಿ ಮೊದಲೇ ಹೋಳು ಮಾಡಿ ಇಟ್ಟಿದ್ದರು. ನಾನು ಬೇರೆ ಕಡೆ ನೋಡಲು ಹೋದೆ. "ನೋಡು ಅಡ್ಡಿಲ್ಲೆ. ಈಗ ನಾನೇ ತೋರಿಸ್ತಾ ಇದ್ದೆ" ಅಂದರು.

ಎಡಗೈ, ಮೂಲೆ, ಕೊನೇ ಎಲೆ, ಎಲ್ಲ ಒಟ್ಟಿಗೇ ಅರ್ಥವಾಯಿತು. ಅವರು ಮೂಲೆ ಹುಡುಕಿ ಕೂತದ್ದು ಯಾರೂ ನೋಡಬಾರದು ಅಂತ. ನಾನು ಮೂಲೆ ಹುಡುಕಿದ್ದು ಬೆಳಕಿಗೆ.

ಲ್ಯಾಪ್‌ಟಾಪ್ ತೆರೆದು ಆ ಮದುವೆಯಲ್ಲಿ ಅವರು ಇದ್ದ ಪ್ರತಿ ಫ್ರೇಮನ್ನೂ ತೋರಿಸಿದೆ. ಒಟ್ಟು 31. ಅವರು ಒಂದೊಂದನ್ನೂ ಪೇಪರ್ ತಿದ್ದಿದ ಹಾಗೆ ನೋಡಿದರು. "ಇದು ಬೇಡ. ಇದೂ ಬೇಡ. ಇದು ಇರ್ಲಿ." ನಾನು ಅವರ ಎದುರೇ ಅಳಿಸುತ್ತ ಹೋದೆ. ಬ್ಯಾಕಪ್ ಡಿಸ್ಕ್ ಕೂಡ ತಂದಿದ್ದೆ, ಅದರಿಂದಲೂ ಅಳಿಸಿದೆ. ಉಳಿದದ್ದು ಆರು. ಅದರಲ್ಲಿ ನನಗೆ ಇಷ್ಟವಾದದ್ದು ಒಂದೂ ಇಲ್ಲ. ಅವರಿಗೆ ಇಷ್ಟವಾದದ್ದು ದಿಬ್ಬಣ ಬರುವಾಗ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತ ಒಂದು ಸಾದಾ ಫೋಟೋ. ಫೋಕಸ್ ಕೂಡ ಸ್ವಲ್ಪ ತಪ್ಪಿದೆ.

ಹೊರಡುವಾಗ ಅವರು ಹೇಳಿದ್ದು ಇದು: "ತೆಗೆದದ್ದಕ್ಕೆ ಬೇಜಾರಿಲ್ಲೆ ತಮಾ. ನನ್ನ ಮುಖ ನಾ ನೋಡೂಕಿಂತ ಮೊದಲು ಊರು ನೋಡ್ತಲಾ, ಅದಕ್ಕೆ ಬೇಜಾರು."

ಆಮೇಲೆ ಏನು ಬದಲಿಸಿದೆ

ಮೊದಲು ಅತಿಗೆ ಹೋದೆ. ಡಿಸೆಂಬರಿನಲ್ಲಿ ಕುಮಟಾದಲ್ಲಿ ಒಂದು ಮದುವೆ. ಹಾಲ್‌ನಲ್ಲಿ ಮೈಕಿನಲ್ಲಿ ಹೇಳಿಸಿದೆ, ಫೋಟೋ ಬೇಡದವರು ದಯವಿಟ್ಟು ತಿಳಿಸಿ ಅಂತ. ಯಾರೂ ತಿಳಿಸಲಿಲ್ಲ. ಮದುವೆಯಲ್ಲಿ ಮೈಕು ಯಾರು ಕೇಳುತ್ತಾರೆ? ಆಮೇಲೆ ಒಬ್ಬೊಬ್ಬರ ಹತ್ತಿರ ಹೋಗಿ "ತೆಗೆಯಲಾ?" ಅಂತ ಕೇಳಿದೆ. ಕೇಳಿದ ಕೂಡಲೇ ಎಲ್ಲರೂ ಸೆರಗು ಸರಿಮಾಡಿ, ಹಲ್ಲು ಮುಚ್ಚಿ, ನೆಟ್ಟಗೆ ಕೂತರು. ಹುಡುಗಿಯ ಅಕ್ಕ ಫೋಟೋ ನೋಡಿ ಕೇಳಿದಳು, "ಕ್ಯಾಂಡಿಡ್‌ಗೆ ದುಡ್ಡು ತಗೊಂಡು ಪಾಸ್‌ಪೋರ್ಟ್ ಫೋಟೋ ತೆಗ್ದು ಕೊಟ್ಟಿದ್ರಲ್ಲ?" ಅವಳು ಹೇಳಿದ್ದು ಸರಿ. ಸ್ವಲ್ಪ ದುಡ್ಡು ಬಿಟ್ಟುಕೊಟ್ಟೆ. ನನ್ನ ಸಹಾಯಕ ಹುಡುಗ ಬೇಡದವರಿಗೆ ಕೈಗೊಂದು ಹಸಿರು ದಾರ ಕಟ್ಟೋಣ ಅಂದ. ಅದನ್ನು ಯಾವ ಅಜ್ಜಿ ಕಟ್ಟಿಸಿಕೊಳ್ಳುತ್ತಾಳೆ ಅಂತ ನಾನು ಕೇಳಲಿಲ್ಲ.

ನಿಧಾನಕ್ಕೆ ಒಂದು ದಾರಿ ಸಿಕ್ಕಿತು. ತೆಗೆಯುವಾಗ ಕೇಳುವುದಿಲ್ಲ, ಆದರೆ ಅಡಗುವುದೂ ಇಲ್ಲ. ಸೈಲೆಂಟ್ ಶಟರ್ ಬಿಟ್ಟೆ, ಮಂಗಳಾಷ್ಟಕದ ಹೊತ್ತು ಒಂದನ್ನು ಬಿಟ್ಟು. ಹಳೇ ಡಿಎಸ್‌ಎಲ್‌ಆರ್‌ಗಳ ಆ ಟಕ್ ಸದ್ದು ನಮಗೆ ಕಿರಿಕಿರಿ ಆಗಿತ್ತು, ಆದರೆ ಅದು ಕೂತವರಿಗೊಂದು ಸೂಚನೆ ಕೊಡುತ್ತಿತ್ತು. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಬಂದಮೇಲೆ ಅದನ್ನು ನಾವೇ ಆಫ್ ಮಾಡಿದೆವು. ಹಾಗೆ ನೋಡಿದರೆ ಕಾರವಾರದ ಹಾಲ್‌ಗಳಲ್ಲಿ ಸೈಲೆಂಟ್ ಶಟರ್ ಹೇಗೂ ನಡೆಯುವುದಿಲ್ಲ. ಎಲ್‌ಇಡಿ ದೀಪದ ಮಿಣುಕಿಗೆ ಮುಖದ ಮೇಲೆ ಅಡ್ಡಪಟ್ಟಿ ಬೀಳುತ್ತದೆ. ಸದ್ದು ಕೇಳಿ ತಿರುಗಿದವರಿಗೆ ಕ್ಯಾಮೆರಾದ ಹಿಂದಿನ ಪರದೆ ತೋರಿಸುತ್ತೇನೆ. ಹತ್ತರಲ್ಲಿ ಎಂಟು ಜನ ನಕ್ಕು ಸುಮ್ಮನಾಗುತ್ತಾರೆ. ಒಬ್ಬರು "ಇನ್ನೊಂದು ತೆಗೀರಿ" ಅನ್ನುತ್ತಾರೆ. ಬೇಡ ಅಂದವರದನ್ನು ಅಲ್ಲೇ ಅಳಿಸುತ್ತೇನೆ.

ಎರಡನೆಯದು ಹಿಂದಿನ ದಿನ ಮಾಡುವ ಕೆಲಸ. ಪ್ರತಿ ಮದುವೆ ಮನೆಯಲ್ಲೂ ಎಲ್ಲ ಗೊತ್ತಿರುವ ಒಬ್ಬ ಚಿಕ್ಕಮ್ಮ ಇರುತ್ತಾಳೆ. ಯಜಮಾನರನ್ನು ಕೇಳಿ ಉಪಯೋಗವಿಲ್ಲ, ಅವರಿಗೆ ಊರೆಲ್ಲ ಒಂದೇ. ಚಿಕ್ಕಮ್ಮನನ್ನು ಕೇಳುತ್ತೇನೆ: "ಯಾರನ್ನು ಬಿಡಬೇಕು?" ಕಾರವಾರದ ಒಂದು ಕೊಂಕಣಿ ಮನೆಯಲ್ಲಿ ಹೀಗೆ ಕೇಳಿದಾಗ ಐದು ಜನರನ್ನು ದೂರದಿಂದ ತೋರಿಸಿದಳು. ಕಾರಣ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಒಬ್ಬರದು ಮಾತ್ರ ತಾನಾಗಿಯೇ ಗೊತ್ತಾಯಿತು. ಆಫೀಸಿಗೆ ಜ್ವರ ಅಂತ ಹೇಳಿ ಬಂದವರು ಡಾನ್ಸಿಗೆ ಎಲ್ಲರಿಗಿಂತ ಮುಂದೆ ಇದ್ದರು.

ಮೂರನೆಯದೇ ಮುಖ್ಯ. ಆ ರಾತ್ರಿಯ 20ರಲ್ಲಿ ಈಗ ಮದುಮಕ್ಕಳು ಮತ್ತು ಅವರ ಅಪ್ಪ ಅಮ್ಮ ಮಾತ್ರ. ನೆಂಟರ ಒಂಟಿ ಫೋಟೋ ಇಲ್ಲ. ಅವು ಒಂದು ವಾರ ನನ್ನ ಹತ್ತಿರ ಕೂರುತ್ತವೆ. ವಾರ ಕಳೆದು ನೋಡಿದರೆ ಕಣ್ಣು ಬೇರೆಯೇ ಆಗಿರುತ್ತದೆ. ಪಂಕ್ತಿಯ ಉದ್ದದ ನೋಟ ಸರಿ, ಹೋಳಿಗೆ ಮೆದ್ದ ಮಗು ಸರಿ. ದೊಡ್ಡವರ ಬಾಯಿ ತೆರೆದಿದ್ದರೆ ಅದು ಅವರಿಗೆ ಮೊದಲು ಹೋಗುತ್ತದೆ, ಅವರು ಹ್ಞೂಂ ಅಂದ ಮೇಲೆ ಉಳಿದವರಿಗೆ. ಕ್ರಾಪ್ ಮಾಡುವ ಮೊದಲು ಕತ್ತರಿಸುವ ಭಾಗದಲ್ಲಿ ಏನಿದೆ ಅಂತ ಒಮ್ಮೆ ನೂರು ಪರ್ಸೆಂಟ್ ಜೂಮ್ ಮಾಡಿ ನೋಡುತ್ತೇನೆ. ಇದರಿಂದ ಎರಡು ಆರ್ಡರ್ ಕೈತಪ್ಪಿವೆ. ಅವರಿಗೆ ಆ ರಾತ್ರಿಯೇ ನೆಂಟರೆಲ್ಲರ ಫೋಟೋ ಬೇಕಿತ್ತು. ಬೇರೆಯವರು ಕೊಟ್ಟರು.

ಸ್ಟಿಕ್ಕರ್ ಇನ್ನೂ ಇದೆ. ಹೋದ ತಿಂಗಳು ಹುಬ್ಬಳ್ಳಿಯ ಪ್ರಿಂಟಿಂಗ್ ಲ್ಯಾಬಿನವನೊಬ್ಬ ನನಗೇ ಕಳಿಸಿದ. ಅವನಿಗೆ ಮಾಸ್ತರೂ ಗೊತ್ತಿಲ್ಲ, ಫೋಟೋ ತೆಗೆದದ್ದು ನಾನು ಅಂತಲೂ ಗೊತ್ತಿಲ್ಲ.

ಮರುವರ್ಷ ಮೇನಲ್ಲಿ ಅದೇ ಬಳಗದ ಇನ್ನೊಂದು ಮದುವೆ. ಮಾಸ್ತರು ಬಂದಿದ್ದರು, ಲೋಟದಲ್ಲಿ ಅಪ್ಪೆಹುಳಿ ಹಾಕಿಸಿಕೊಂಡಿದ್ದರು. ಗ್ರಂಥ ಹೇಳಿದರು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ತೆಗೆದೆ, ಟಕ್ ಟಕ್ ಅಂತ. ಊಟ ಮುಗಿಸಿ ಕೈ ತೊಳೆದು ನೇರ ನನ್ನ ಹತ್ತಿರ ಬಂದರು. "ತೋರ್ಸು" ಅಂದರು. ಕ್ಯಾಮೆರಾದ ಪರದೆಯ ಮೇಲೆ ಬೆರಳಿಟ್ಟು ಜರುಗಿಸಿದರು. ಬೆರಳು ನಡುಗಿ ಒಂದರ ಬದಲು ಮೂರು ಫೋಟೋ ಮುಂದೆ ಹಾರಿತು. ನಾನು ಹಿಂದಕ್ಕೆ ತಂದೆ.

"ಇದಲ್ಲ. ಅದರ ಹಿಂದಿಂದು" ಅಂದರು.